ಹೊತ್ತು ಮುಳುಗಿದ ಮೇಲೆ ಸೂಜಿ

ಮುಖ ತೊಳೆಯುವ ಮೊದಲೇ ಮಹಾಂತೇಶ್ ಫೋನಿನಲ್ಲಿ ತಮ್ಮ ಅಂಗಡಿಯನ್ನು ಹುಡುಕತೊಡಗಿದ. ನೋಯುವ ಹಲ್ಲಿನ ಕಡೆಗೇ ನಾಲಿಗೆ ಹೊರಳುವ ಹಾಗೆ, ಈಚೆಗೆ ಅವನ ಹೆಬ್ಬೆರಳು ಕಣ್ಣು ಪೂರ್ತಿ ಬಿಡುವುದರೊಳಗೇ ‘ಚೀಲ ಹೊಲಿಯುವ ಸೂಜಿ ದಾವಣಗೆರೆ’ ಎಂದು ಬರೆದು ಮುಗಿಸಿರುತ್ತಿತ್ತು. ಮೊದಲ ಪುಟದ ತಲೆಯ ಮೇಲೆ ಹುಬ್ಬಳ್ಳಿಯ ಯಾವನೋ ಕೂತಿದ್ದ. ಅವನ ಕೆಳಗೆ ಒಂದು ಟೈಲರಿಂಗ್ ಕ್ಲಾಸು. ಅದರ ಕೆಳಗೆ, ಇದೇ ನಿಟ್ಟುವಳ್ಳಿಯಲ್ಲಿ, ಈ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಮಂಡಿನೋವಿಗೆ ಸೂಜಿ ಚುಚ್ಚುವ ಡಾಕ್ಟರೊಬ್ಬರು. ಚೀಲ ಹೊಲಿಯಲು ಹೊರಟವನಿಗೆ ಮಂಡಿ ಚುಚ್ಚುವವರನ್ನು ತೋರಿಸುವ ಈ ಯಂತ್ರಕ್ಕೆ ಬಕ್ಕೇಶಪ್ಪ ಅಂಡ್ ಸನ್ಸ್ ಮಾತ್ರ ಕಾಣುತ್ತಿರಲಿಲ್ಲ. ಎರಡನೆಯ ಪುಟ, ಮೂರನೆಯ ಪುಟ. ಹೋದ ದೀಪಾವಳಿಯವರೆಗೂ ಅವರದು ಮೊದಲ ಪಂಕ್ತಿಯ ಮೊದಲ ಎಲೆ. ಬಡಿಸುವವನು ಒಳಗಿಂದ ಬಂದರೆ ತುಪ್ಪ ಮೊದಲು ಬೀಳುತ್ತಿದ್ದದ್ದು ಅವರ ಅನ್ನದ ಮೇಲೆ. ಈಗ ಪಂಕ್ತಿಯ ಹಿಂದೆ ಪಂಕ್ತಿ ಎದ್ದು, ಕೈ ತೊಳೆಯುವ ಕಡೆ ಕೆಸರಾಗಿ, ಬಾಳೆಎಲೆ ಮುಗಿದು ಪೇಪರ್ ಎಲೆ ಹಾಕುವ ಹೊತ್ತಾದರೂ ಅವರನ್ನು ಕೂಡ್ರಿ ಅನ್ನುವವರಿಲ್ಲ.

“ಸಿಕ್ತೇನ್ರೀ?” ಎಂದಳು ಹೆಂಡತಿ ವಾಣಿ ಅಡುಗೆಮನೆಯಿಂದ, ತಪ್ಪಿಸಿಕೊಂಡ ಎಮ್ಮೆಯ ಸುದ್ದಿ ಕೇಳುವವಳ ಹಾಗೆ.

“ನೆಟ್‌ವರ್ಕ್ ಇಲ್ಲ.”

“ಮುಖ ತೊಳ್ಕಂಡು ಹುಡುಕ್ರಿ. ಅಕಸ್ಮಾತ್ ಸಿಕ್ಕರೆ ಅದಕ್ಕಾದ್ರೂ ಚೆಂದ ಕಾಣ್ತೀರಿ.”

ಸೋಮವಾರ ಟೇಬಲ್ ಹೋಗುತ್ತದೆ. ಹಲ್ಲುಜ್ಜುವಾಗ ಅದೊಂದೇ ಮಾತು ಅವನ ಬಾಯಿಯೊಳಗೆ ನೊರೆಯ ಜೊತೆ ಸುತ್ತಿತು. ಮಂಡಿಪೇಟೆಯ ಅಂಗಡಿಯ ಹಿಂಭಾಗದಲ್ಲಿ, ಸುತಳಿ ಉಂಡೆಗಳ ರಾಶಿಗೂ ಗೋಡೆಗೂ ನಡುವೆ, ಅಡ್ಡ ಹೊಕ್ಕರೆ ಮಾತ್ರ ಹೋಗಬಹುದಾದ ಸಂದಿಯಲ್ಲಿ ಅವನ ಟೇಬಲ್ ಇತ್ತು; ಅದರ ಮೇಲೆ ಕಂಪ್ಯೂಟರು, ಕಂಪ್ಯೂಟರಿನ ಮೇಲೆ ಗೋಣಿಯ ನಾರಿನ ಧೂಳು. ಇಡೀ ದಾವಣಗೆರೆಯಲ್ಲಿ ಅವನದು ಎಂದು ಹೇಳಬಹುದಾದ ಜಾಗ ಅಷ್ಟೇ. ಮನೆ ಮಾವ ಬಕ್ಕೇಶಪ್ಪನವರು ಕಟ್ಟಿಸಿದ್ದು, ಅಂಗಡಿ ಅವರಪ್ಪನ ಕಾಲದ್ದು, ಗಲ್ಲಾ ಅತ್ತೆ ಸರ್ವಮಂಗಳಮ್ಮನವರದು. ಅವನು ನಂದಿಗುಡಿಯಿಂದ ಒಂದು ಸೂಟ್‌ಕೇಸು ಹಿಡಿದುಕೊಂಡು ಬಂದ ಮನೆಅಳಿಯ. ಮಾವನವರಿಗೆ ಇದ್ದದ್ದು ವಾಣಿ ಒಬ್ಬಳೇ. ಬೋರ್ಡು ಬರೆಸುವಾಗ ಗಂಡುಮಕ್ಕಳು ಆಗಿಯೇ ಆಗುತ್ತಾರೆಂಬ ಧೈರ್ಯದ ಮೇಲೆ ‘ಅಂಡ್ ಸನ್ಸ್’ ಎಂದು ಬರೆಸಿಬಿಟ್ಟಿದ್ದರು. ಗಂಡುಮಕ್ಕಳು ಆಗಲಿಲ್ಲ, ಬೋರ್ಡು ಉಳಿಯಿತು, ಅವರೂ ಹೋದರು. ದಬ್ಬಳಕ್ಕೋ ಸುತಳಿಗೋ ಬಂದವರು ಬೋರ್ಡು ನೋಡಿ, ಇವನನ್ನು ನೋಡಿ, “ನೀವು ಸನ್ನಾ?” ಎಂದು ಕೇಳುತ್ತಿದ್ದರು. “ಅಲ್ರಿ, ಅಳಿಯ,” ಅನ್ನುತ್ತಿದ್ದ. “ಹೌದಾ,” ಎಂದು ಅವರು ಹೇಳುವ ಆ ‘ಹೌದಾ’ ಹೇಗಿರುತ್ತಿತ್ತೆಂದರೆ, ಅವನಿಗೆ ಜ್ವರ ಬಂದಿದೆ ಎಂದು ಗೊತ್ತಾದವರ ಹಾಗೆ.

ವೆಬ್‌ಸೈಟ್ ಮಾಡಿದ ಮೇಲೆ ಆ ಜ್ವರ ಸ್ವಲ್ಪ ಇಳಿದಿತ್ತು. ವಿಡಿಯೋ ನೋಡಿ ನೋಡಿ ತಾನೇ ಕಲಿತು ಮಾಡಿದ್ದು. ಗಂಗಾವತಿಯ ಅಕ್ಕಿ ಗಿರಣಿಯವರು, ರಾಣೆಬೆನ್ನೂರಿನ ಬೀಜದವರು, ಹೆಸರು ಕೇಳದ ಊರುಗಳವರು ಚೀಲ ಹೊಲಿಯುವ ಮಷಿನ್ನಿನ ಸೂಜಿಗೆ ಅವನ ಟೇಬಲ್ಲಿಗೇ ಬರತೊಡಗಿದರು. ಸರ್ವಮಂಗಳಮ್ಮ ಕಂಪ್ಯೂಟರಿಗೂ ಊದುಬತ್ತಿ ಬೆಳಗತೊಡಗಿದರು. ಈಗ ಯಾರೂ ಬರುತ್ತಿಲ್ಲ. ಊದುಬತ್ತಿ ಮಾತ್ರ ನಿಂತಿರಲಿಲ್ಲ, ಆ ಬೂದಿ ಕೀಬೋರ್ಡಿನ ಕೀಲಿಗಳ ಸಂದಿಯಲ್ಲಿ ಬೀಳುವಾಗ ತನ್ನ ತಿಥಿ ಮಾಡುತ್ತಿದ್ದಾರೇನೋ ಅನ್ನಿಸುತ್ತಿತ್ತು. ಅತ್ತೆಯ ತಮ್ಮ ರುದ್ರಮುನಿ, ಪಕ್ಕದ ಗಲ್ಲಿಯಲ್ಲಿ ಖಾಲಿ ಚೀಲದ ವ್ಯಾಪಾರ ಇಟ್ಟವರು, ಒಂದು ಸಂಜೆ ಬಂದು ಆ ಸಂದಿಯನ್ನು ಕಣ್ಣಲ್ಲೇ ಅಳೆದು, “ಅಕ್ಕಾ, ಈ ಟೇಬಲ್ ತೆಗೆದ್ರೆ ನಂದು ಒಂದು ಲೋಡ್ ಹಿಡೀತೈತೆ ನೋಡು. ಅಳಿಯಂದ್ರು ಕೌಂಟರ್‌ನಾಗ ನಿಂತು ಸುತಳಿ ತೂಗ್ಲಿ, ಮೈಗೂ ಒಳ್ಳೇದು,” ಎಂದಿದ್ದರು. ಸರ್ವಮಂಗಳಮ್ಮ ಇಲ್ಲ ಅನ್ನಲಿಲ್ಲ. “ಸೋಮವಾರದ ಮಟ ನೋಡಾಣ,” ಎಂದರು. ಆಮೇಲೆ ಅವನ ಕಡೆ ತಿರುಗಿ, “ಅಳಿಯಂದ್ರೆ, ಚಾ ಆರಿ ಹೋಗ್ತೈತೆ, ಕುಡೀರಿ,” ಎಂದರು. ಆ ‘ರಿ’ ಅವನಿಗೆ ಚಹಾಕ್ಕಿಂತ ಹೆಚ್ಚು ತಣ್ಣಗೆ ತಾಗಿತು. ಮನೆಗೆ ಬಂದಾಗಿನಿಂದ ಅವರು ಅವನನ್ನು ಒಂದು ದಿನವೂ ಬೈದಿಲ್ಲ. ಪಾಲಯ್ಯ ಅನ್ನುವ ಹಮಾಲನನ್ನು ಬೈಯುತ್ತಾರೆ, ವಾಣಿಯನ್ನು ಬೈಯುತ್ತಾರೆ, ಗೋಡೆಯ ಮೇಲಿನ ಗಂಡನ ಫೋಟೋವನ್ನೂ ಒಮ್ಮೊಮ್ಮೆ ಬೈಯುತ್ತಾರೆ. ಇವನಿಗೆ ಮಾತ್ರ ಬಸ್ಸಿಗೆ ಹೊರಟ ನೆಂಟನಿಗೆ ಸಿಗುವ ಮರ್ಯಾದೆ.

ಕಾರಣ ಹುಡುಕಿ ಅವನು ಮಾಡದ ಉಪಾಯವಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಫೋಟೋಗಳನ್ನು ಬದಲಿಸಿದ, ಅಕ್ಷರ ದಪ್ಪ ಮಾಡಿದ, ಸೂಜಿಯ ಇತಿಹಾಸದ ಮೇಲೆ ಒಂದು ಪ್ರಬಂಧವನ್ನೇ ಬರೆದ. ವಾಣಿ ದೃಷ್ಟಿಯಾಗಿದೆ ಎಂದು ಕಂಪ್ಯೂಟರಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಒಂದು ಹರಳುಪ್ಪು ಒಳಗೆ ಬಿದ್ದು ಸ್ಪೇಸ್ ಕೀಲಿ ಕೆಟ್ಟಿತು. ಆದರೆ ಅವನ ಹೊಟ್ಟೆಯೊಳಗೆ ಕೂತಿದ್ದ ನಿಜವಾದ ಕಾರಣ ಬೇರೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಹೋದ ದೀಪಾವಳಿಗೆ, ಒಬ್ಬ ಗಿರಾಕಿ “ನೀವು ಸನ್ನಾ?” ಎಂದು ಕೇಳಿ ಹೋದ ಮಧ್ಯಾಹ್ನ, ಅವನು ಟೇಬಲ್ಲಿಗೆ ಹೋಗಿ ವೆಬ್‌ಸೈಟಿನ ತಲೆಯ ಮೇಲಿದ್ದ ಹೆಸರಿನಿಂದ ‘ಅಂಡ್ ಸನ್ಸ್’ ಅನ್ನು ಅಳಿಸಿಹಾಕಿದ್ದ. ಎರಡೇ ಪದ. ಅಳಿಸಿದಾಗ ಎಷ್ಟು ಹಿತವಾಗಿತ್ತೆಂದರೆ ಕಾಲಿನ ಮುಳ್ಳು ತೆಗೆದ ಹಾಗಾಗಿತ್ತು. ಆಮೇಲೆ ತಾನೇ ಇಳಿಜಾರು ಶುರುವಾದದ್ದು? ಗೋಡೆಯ ಮೇಲಿನ ಬಕ್ಕೇಶಪ್ಪನವರು ವಿಭೂತಿಯ ಹಣೆಯ ಕೆಳಗಿಂದ ನೇರ ತನ್ನನ್ನೇ ನೋಡುತ್ತಿದ್ದಾರೆ; ಹುಟ್ಟದ ಮಕ್ಕಳ ಹೆಸರು ಅಳಿಸಿದ ಪಾಪ ಸುಮ್ಮನೆ ಬಿಡುತ್ತದೆಯೇ? ಎರಡು ಪದಗಳನ್ನು ತಿರುಗಿ ಹಾಕಿಯೂ ನೋಡಿದ. ಪುಟ ಮೇಲೇರಲಿಲ್ಲ. ಸತ್ತವರು ಅಷ್ಟು ಬೇಗ ಕ್ಷಮಿಸುವುದಿಲ್ಲ ಎಂದುಕೊಂಡ.

ಹರಿಹರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಹರಿಹರದಲ್ಲಿ ಮುದಸ್ಸಿರ್ ಎಂಬ ಹುಡುಗ ಇದ್ದಾನೆ. ವೆಬ್‌ಸೈಟುಗಳ ರೋಗ ನೋಡುವುದೇ ಅವನ ಕಸುಬು. ಇಷ್ಟು ದಿನ ಅವನ ಹತ್ತಿರ ಹೋಗದೆ ಇದ್ದದ್ದಕ್ಕೆ ಕಾರಣ, ತಾನೇ ಮಾಡಿದ್ದು ಎಂದು ಊರೆಲ್ಲ ಹೇಳಿಕೊಂಡು ಬಂದದ್ದು. ಮಗುವಿಗೆ ಮನೆಮದ್ದು ಮಾಡಿ ಮಾಡಿ ಕೊನೆಗೆ ಡಾಕ್ಟರ ಮುಂದೆ ಕೂತ ತಾಯಿಯ ಹಾಗೆ ಮೊದಲು ಬೈಗಳು ತಿನ್ನಬೇಕಾಗುತ್ತದೆ. ಬಯ್ಯಲಿ. ಆದರೆ ‘ಅಂಡ್ ಸನ್ಸ್’ ವಿಷಯ ಹೇಗೆ ಹೇಳುವುದು? ಪಕ್ಕದ ಸೀಟಿನವನು ಅವನ ಭುಜದ ಮೇಲೆ ನಿದ್ದೆ ಹೋದ. ಎಬ್ಬಿಸಲು ಮನಸ್ಸಾಗಲಿಲ್ಲ, ಅಷ್ಟಾದರೂ ತನ್ನನ್ನು ನಂಬುವ ಒಬ್ಬ.

ಮುದಸ್ಸಿರನ ಆಫೀಸು ಮೇಲೆ, ಕೆಳಗೆ ಅವನ ತಂದೆ ಹಯಾತ್ ಸಾಬ್ ಹೊಲಿಗೆ ಮಷಿನ್ ರಿಪೇರಿ ಮಾಡುವ ಅಂಗಡಿ. ಹಯಾತ್ ಸಾಬ್ ಒಂದು ಮಷಿನ್ನಿನ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದವರು ಕನ್ನಡಕದ ಮೇಲಿಂದ ನೋಡಿ, “ಬರ್ರಿ ಬರ್ರಿ, ಸೂಜಿ ಅಂಗಡಿಯವರು! ಅಮ್ಮಾವ್ರು ಹೆಂಗದಾರೆ?” ಎಂದು ಸ್ಟೂಲು ತಳ್ಳಿದರು. “ನಿಮ್ಮ ಅಮ್ಮಾವ್ರು ಭಾರಿ ಗಟ್ಟಿ ಆಸಾಮಿ ಮಾರಾಯ್ರೆ. ಒಂದಿನ ಅರ್ಜೆಂಟ್ ಅಂತ ಮಗ್ರಿಬ್ ನಮಾಜಿನ ಹೊತ್ತಿಗೆ, ಹೊತ್ತು ಮುಳುಗ್ತಿದ್ದಂಗೆ, ನಿಮ್ಮನಿಗೇ ಹೋಗಿದ್ದೆ, ಸೂಜಿ ಕೊಡ್ರಿ ಅಂತ. ಕೊಡ್ಲಿಲ್ಲ ನೋಡ್ರಿ! ಒಳಗ ಕೂಡ್ಸಿ ಮಂಡಕ್ಕಿ ಕೊಟ್ರು, ಚಾ ಕೊಟ್ರು, ನನ್ನ ಬೀಪಿ ವಿಚಾರ್ಸಿದ್ರು, ಎಲ್ಲಾ ಕೊಟ್ರು, ಸೂಜಿ ಒಂದ್ ಬಿಟ್ಟು. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಪಾಲಯ್ಯನ ಕೈಯಾಗ ಕಳ್ಸಿದ್ರು.” ಮಹಾಂತೇಶ್ ನಕ್ಕಂತೆ ಮಾಡಿ ಮೆಟ್ಟಿಲು ಹತ್ತಿದ. ಅವನ ತಲೆಯಲ್ಲಿ ಹುಟ್ಟದ ಮಕ್ಕಳು ಕೂತಿದ್ದರು, ಮಂಡಕ್ಕಿಗೆ ಜಾಗವಿರಲಿಲ್ಲ.

ಮುದಸ್ಸಿರ್ ಬಯ್ಯಲಿಲ್ಲ. ಎರಡು ಪರದೆಗಳ ನಡುವೆ ಮುಖ ತೂರಿಸಿ, ಹಲ್ಲುಕಡ್ಡಿ ಕಚ್ಚಿಕೊಂಡು, ಲೆಕ್ಕಗಳನ್ನು ಮೇಲೆ ಕೆಳಗೆ ಉರುಳಿಸಿದ. ಮಹಾಂತೇಶ್‌ಗೆ ತಡೆಯಲಾಗಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು, ತಗ್ಗಿದ ದನಿಯಲ್ಲಿ, ಹೆಸರಿನಿಂದ ಎರಡು ಪದ ತೆಗೆದಿದ್ದನ್ನು ಹೇಳಿಬಿಟ್ಟ.

“ಅಷ್ಟೇನಾ?” ಎಂದ ಮುದಸ್ಸಿರ್. “ಅದಕ್ಕೆಲ್ಲ ಏನೂ ಆಗಲ್ಲ ಬಿಡ್ರಣ್ಣ. ಸನ್ಸ್ ಹಾಕ್ರಿ, ಡಾಟರ್ಸ್ ಹಾಕ್ರಿ, ಅದಕ್ಕೇನು ಗೊತ್ತಾಗ್ತೈತೆ?”

ಇಷ್ಟು ತಿಂಗಳು ಹೊತ್ತು ತಿರುಗಿದ ಪಾಪವನ್ನು ಹುಡುಗ ಹಲ್ಲುಕಡ್ಡಿಯ ಜೊತೆ ಉಗುಳಿಬಿಟ್ಟಿದ್ದ. ಮಹಾಂತೇಶ್‌ಗೆ ಮೈ ಹಗುರಾಯಿತು. ಜೊತೆಗೇ ಸ್ವಲ್ಪ ಅವಮಾನವೂ ಆಯಿತು. ಅಷ್ಟು ದೊಡ್ಡದೆಂದುಕೊಂಡದ್ದು ಇಷ್ಟು ಸಣ್ಣದೇ?

“ಅರೆ! ಇದೇನ್ ಅಣ್ಣಾ ಇದು?” ಮುದಸ್ಸಿರ್ ಕುರ್ಚಿ ಮುಂದೆ ಎಳೆದ. “ನಿಮ್ಮ ಸೈಟಿಗೆ ಯಾರೋ ದಿನಾ ರಾತ್ರಿ ಬೀಗ ಹಾಕ್ತಾರೆ.”

“ಬೀಗ?”

“ನೋಡ್ರಿ ಇಲ್ಲಿ. ಹುಡುಕೋ ಕಂಪನಿಯವರದು ಒಂದು ಓದೋ ಯಂತ್ರ ಇರ್ತೈತೆ. ಲೋಕದಾಗಿನ ಎಲ್ಲಾ ಸೈಟಿಗೂ ಮನೆಮನೆ ತಿರುಗಿದಂಗೆ ತಿರುಗಿ ಓದ್ಕಂಡು ಹೋಗ್ತೈತೆ. ಓದಿದ್ರೇನೇ ಪಟ್ಟಿಗೆ ಹಾಕೋದು. ನಿಮ್ಮನಿಗೆ ಅದು ಬರೋದು ಜಾಸ್ತಿ ರಾತ್ರಿನೇ. ಬಂದಾಗೆಲ್ಲ ಬಾಗ್ಲು ಹಾಕೈತೆ. ಒಂದು ಸರ್ತಿ ಬರ್ತೈತೆ, ಎರಡು ಸರ್ತಿ ಬರ್ತೈತೆ. ಆಮೇಲೆ ಈ ಮನ್ಯಾಗ ಯಾರೂ ಇಲ್ಲ ಅಂತ ಬರೆದ್ಕಂಡು ಹೊಂಟೋಗ್ತೈತೆ. ಸಾಯಂಕಾಲದಿಂದ ಬೆಳಿಗ್ಗೆ ಮಟ ಫುಲ್ ಬಂದ್! ಯಾವನೋ ದುಷ್ಮನ್ ಮಾಡ್ಯಾನ ಅಣ್ಣ. ವೆಬ್‌ಸೈಟಿಗೆ ರಾತ್ರಿ ಶಟರ್ ಎಳೆಯೋ ಹುಚ್ಚ ಯಾವನಿರ್ತಾನೆ? ಯಾರ ಮೇಲಾದ್ರೂ ಡೌಟ್ ಐತಾ?”

ಮಹಾಂತೇಶ್‌ನ ಕಿವಿಯಲ್ಲಿ ‘ಟಿಣ್’ ಎಂದಿತು. ಕಾರ್ತಿಕದ ಒಂದು ಸಂಜೆ ಹಾಗೆಯೇ ಫೋನು ಟಿಣ್ ಎಂದಿತ್ತು. ಸರ್ವಮಂಗಳಮ್ಮ ಪಡಸಾಲೆಯಲ್ಲಿ ದೀಪದ ಬತ್ತಿ ಹೊಸೆಯುತ್ತಿದ್ದರು. ಏನದು ಎಂದರು. ಹೆಮ್ಮೆಯಿಂದ ಹೇಳಿದ್ದ, ಗಂಗಾವತಿಯವರು ಸೂಜಿ ತಗೊಂಡರು ಅತ್ತೆ ಎಂದು. “ಈಗಾ? ಹೊತ್ತು ಮುಳುಗಿದ ಮೇಲೆ ಸೂಜಿ ಕೊಡಬಾರ್ದು ಅಳಿಯಂದ್ರೆ,” ಎಂದರು ಅವರು, ಬತ್ತಿ ಎಣ್ಣೆಗೆ ಅದ್ದುತ್ತ, ಅಷ್ಟು ಮೆತ್ತಗೆ, ಅಷ್ಟು ಮರ್ಯಾದೆಯಿಂದ. ಮುಂದೆ ಇನ್ನೂ ಏನೋ ಹೇಳುವವರಿದ್ದರೇನೋ. ಇವನು ಕಾಯಲಿಲ್ಲ. ಆಗಲೇ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಅತ್ತೆ ಹೇಳಿ ಬಾಯಿ ಮುಚ್ಚುವುದರೊಳಗೆ ಮಾಡಿ ಮುಗಿಸಿದ ಅಳಿಯ ಅನ್ನಿಸಿಕೊಳ್ಳಬೇಕಾಗಿತ್ತು. ದೀಪ ಹಚ್ಚುವ ಹೊತ್ತಿಗೆ ತಾನಾಗಿ ಇಳಿಯುವ, ಬೆಳಿಗ್ಗೆ ತಾನಾಗಿ ಏಳುವ ಶಟರನ್ನು ವೆಬ್‌ಸೈಟಿಗೆ ಕೂಡಿಸಿದ. ಅಂಗಡಿಯ ಶಟರಿನದೇ ಹಸಿರು ಬಣ್ಣ, ಪಾಲಯ್ಯ ಗಾಡಿ ಗುದ್ದಿಸಿದ ಕಡೆ ಬಿದ್ದ ತಗ್ಗನ್ನೂ ಬಿಡದೆ ಬಿಡಿಸಿದ. ಸರ್ವಮಂಗಳಮ್ಮನಿಗೆ ತೋರಿಸಿದ. ಕನ್ನಡಕ ಹಾಕಿರದ ಅವರು ಅದು ಅಂಗಡಿಯ ಫೋಟೋ ಎಂದುಕೊಂಡು, “ಚೆಂದ ಐತೆ,” ಎಂದರು. ಆ ರಾತ್ರಿ ಅವನಿಗೆ ಎಷ್ಟು ಒಳ್ಳೆಯ ನಿದ್ದೆ ಬಂದಿತ್ತು! ಆಮೇಲೆ ಅದನ್ನು ಮರೆತೇಬಿಟ್ಟ. ಎಲ್ಲ ಅಂಗಡಿಗೂ ರಾತ್ರಿ ಬಾಗಿಲು ಹಾಕುತ್ತಾರೆ, ಅದರಲ್ಲಿ ನೆನಪಿಟ್ಟುಕೊಳ್ಳುವುದೇನು? ತಾನು ಎದುರಾಡಿದ್ದನ್ನೆಲ್ಲ ಹೆಕ್ಕಿ ಹೆಕ್ಕಿ ಅನುಮಾನಿಸಿದ. ಹೇಳಿದಂತೆ ಕೇಳಿದ್ದರ ಮೇಲೆ ಯಾರಿಗೆ ಅನುಮಾನ ಬರುತ್ತದೆ?

“ಐತೆ,” ಎಂದ ಮಹಾಂತೇಶ್. “ಮನೆಯವನೇ ಒಬ್ಬ.”

“ಮನೆಯವನೇನಾ! ಅಂಥವನ್ನ ಮನ್ಯಾಗ ಇಟ್ಕಬ್ಯಾಡ್ರಿ ಅಣ್ಣ. ಮೊದಲು ಹೊರಗ ಹಾಕ್ರಿ.”

“ಹೂಂ. ಸೋಮವಾರ ಹಾಕ್ತಾರೆ,” ಎಂದ.

ವಾಪಸು ಬಸ್ಸಿನಲ್ಲಿ ಸೂರ್ಯ ಅವನ ಹಿಂದಿನಿಂದ ಇಳಿಯುತ್ತಿದ್ದ. ಶಟರ್ ತೆಗೆಯುವುದು ಫೋನಿನಲ್ಲಿ ಒಂದು ಗುಂಡಿ ಒತ್ತುವ ಕೆಲಸ. ತೆಗೆದರೆ ನಿಧಾನಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಮುದಸ್ಸಿರ್ ಹೇಳಿದ್ದ. ಆದರೆ ಸೋಮವಾರದೊಳಗಲ್ಲ, ಹೋದ ನಂಬಿಕೆ ಬರಲು ತಿಂಗಳುಗಳೇ ಬೇಕು. ಕದ್ದು ತೆಗೆದುಬಿಡಲೇ? ಆಗ ಅತ್ತೆಯ ಮನೆಯಲ್ಲೇ ಉಂಡು, ಅವರು ದೀಪ ಹಚ್ಚುವಾಗ, ಅವರ ಬೆನ್ನ ಹಿಂದೆ ಊರೂರಿಗೆ ಸೂಜಿ ಕೊಟ್ಟಂತಾಗುತ್ತದೆ. ಹೇಳಿಬಿಡಲೇ? ‘ನಿಮ್ಮ ಮಾತು ಕೇಳಿದ್ದಕ್ಕೆ ಹೀಗಾಯಿತು’ ಎಂದು ಹೇಳಿದರೆ ತಪ್ಪು ಅವರ ತಲೆಗೆ ಕಟ್ಟಿದಂತೆ. ಹೇಳದಿದ್ದರೆ ಟೇಬಲ್ ಹೋಗುತ್ತದೆ. ಟೇಬಲ್ ಹೋದರೆ ಏನು, ಮರದ್ದು ತಾನೇ, ಎಂದು ತನಗೇ ಹೇಳಿಕೊಂಡು ನೋಡಿದ. ಕಿಟಕಿಯ ಧೂಳು ಎಂದುಕೊಂಡು ಕಣ್ಣೊರೆಸಿಕೊಂಡ.

ನಿಟ್ಟುವಳ್ಳಿಯ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತೇ ಆಗಿತ್ತು. ಮುಂಬಾಗಿಲು ಎರಡೂ ಕದ ಹಾರುಹೊಡೆದು ತೆರೆದಿತ್ತು. ಸರ್ವಮಂಗಳಮ್ಮ ಹಿತ್ತಲ ಬಾಗಿಲಿನ ಅಗಳಿ ಹಾಕಿ ಬಂದು ಹೊಸ್ತಿಲ ಪಕ್ಕ ದೀಪ ಇಡುತ್ತಿದ್ದರು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಮೆಟ್ಟಿಲ ಮೇಲೆಯೇ ನಿಂತ.

“ಅತ್ತೆ, ಕಾರಣ ಗೊತ್ತಾಯ್ತು. ಸಂಜೆ ಆದ ಕೂಡ್ಲೇ ಅದರ ಬಾಗ್ಲು ಹಾಕ್ತಿದ್ವಿ, ಅದಕ್ಕೇ.”

“ಯಾವುದರ ಬಾಗ್ಲು ಅಳಿಯಂದ್ರೆ?”

“ಕಂಪ್ಯೂಟರಿನಾಗಿನ ಅಂಗಡೀದು. ಹೊತ್ತು ಮುಳುಗಿದ ಮೇಲೆ ಸೂಜಿ ಕೊಡಬಾರ್ದು ಅಂದಿದ್ರಲ್ಲ ನೀವು. ಅದಕ್ಕೆ ನಾನು ಯಾರೂ ಬರದಂಗೆ ಶಟರ್ ಎಳೆದಿದ್ದೆ. ಬಂದೋರೆಲ್ಲ ತಿರುಗಿ ಹೋಗ್ಯಾರೆ.”

ಸರ್ವಮಂಗಳಮ್ಮ ಬಗ್ಗಿದವರು ಬಗ್ಗಿದಂತೆಯೇ ತಲೆ ಎತ್ತಿದರು. ದೀಪದ ಬೆಳಕು ಅವರ ಗಲ್ಲದ ಕೆಳಗಿನಿಂದ ಬಿದ್ದು ಮುಖ ಗೋಡೆಯ ಫೋಟೋಕ್ಕಿಂತ ದೊಡ್ಡದಾಗಿ ಕಂಡಿತು.

“ದೀಪ ಹಚ್ಚೋ ಹೊತ್ನಾಗ,” ಎಂದರು, ಒಂದೊಂದೇ ಮಾತು ಬಿಡಿಸಿ, “ಮುಂಬಾಗ್ಲು ಹಾಕಿದ್ಯಾ?”

“ಅದು... ಸೂಜಿ...”

“ಸೂಜಿ ಕೊಡಬ್ಯಾಡ ಅಂದೆ ಕಣೋ! ಬಂದೋರ ಮುಖಕ್ಕೆ ಬಾಗ್ಲು ಹಾಕು ಅಂದ್ನೇನು? ಈ ಹೊತ್ನಾಗ ಲಕ್ಷ್ಮಿ ಬರ್ತಾಳೆ ಅಂತ ಕುರುಡರೂ ಬಾಗ್ಲು ತೆಗೆದಿಡ್ತಾರೆ. ಹಿತ್ತಲ ಬಾಗ್ಲು ಹಾಕ್ಬೇಕು, ಮುಂಬಾಗ್ಲು ತೆಗೀಬೇಕು. ಇಷ್ಟು ವರ್ಷ ದಿನಾ ಕಣ್ಣ ಮುಂದೆ ನೋಡ್ತೀಯಲ್ಲ, ತಲ್ಯಾಗ ಏನು ಸುತಳಿ ತುಂಬ್ಕಂಡಿದ್ಯಾ? ಬಂದೋರಿಗೆ ಬರ್ರಿ ಅನ್ಬೇಕು, ಕೂಡ್ರಿ ಅನ್ಬೇಕು, ಏನೇನೈತೆ ಎಲ್ಲಾ ತೋರಿಸ್ಬೇಕು, ಬೆಳಿಗ್ಗೆ ಕೊಡ್ತೀವಿ ಅನ್ಬೇಕು. ಹಿಂಗ ತಿಂಗಳಗಟ್ಟಲೆ ಹೊಸ್ತಿಲ ಮಟ ಬಂದೋಳ್ನ ಓಡಿಸ್ಯಾನಲ್ಲ ಈ ಪುಣ್ಯಾತ್ಮ! ವಾಣೀ, ಬಾ ಇಲ್ಲಿ, ನಿನ್ನ ಗಂಡನ ಬುದ್ಧಿವಂತಿಕೆ ನೋಡು ಬಾ!”

ವಾಣಿ ಸೌಟು ಹಿಡಿದೇ ಬಂದಳು, ಕೇಳಿದಳು, ಬಾಯಿಗೆ ಸೆರಗು ಒತ್ತಿಕೊಂಡಳು. “ಕೂಸು ಕಂಕುಳಾಗೇ ಇತ್ತು, ಹರಿಹರದ ಮಟ ಹುಡುಕ್ಕಂಡು ಹೋಗಿದ್ರು,” ಎಂದಳು. ಆ ನಗುವಿನ ನಡುವೆ ಮಹಾಂತೇಶ್‌ಗೆ ಹಯಾತ್ ಸಾಬರ ಮಂಡಕ್ಕಿ ನೆನಪಾಯಿತು. ಆ ಮನುಷ್ಯ ಎಲ್ಲವನ್ನೂ ಮೊದಲೇ ಹೇಳಿದ್ದರು. ಕೂತು ಕೇಳುವ ವ್ಯವಧಾನ ಇವನಿಗಿರಲಿಲ್ಲ. ಸರ್ವಮಂಗಳಮ್ಮ ಇನ್ನೂ ಬೈಯುತ್ತಿದ್ದರು. ನಂದಿಗುಡಿಯಲ್ಲಿ ಅವನ ಅವ್ವ ಏನು ಕಲಿಸಿದಳು ಎಂದು ಕೇಳುತ್ತಿದ್ದರು, ಪಾಲಯ್ಯನಿಗೂ ಇವನಿಗಿಂತ ಬುದ್ಧಿ ಇದೆ ಎನ್ನುತ್ತಿದ್ದರು, ಇಂಥವನನ್ನು ಹುಡುಕಿ ತಂದದ್ದಕ್ಕೆ ಫೋಟೋದ ಕಡೆಗೂ ಒಂದು ಮಾತು ಎಸೆದರು. ಅವನ ಕಿವಿ ಕಾದ ಹಂಚಿನ ಹಾಗಾಗಿತ್ತು. ಆದರೂ ಕಾಲು ಅಲ್ಲಿಂದ ಕದಲಲಿಲ್ಲ. ಏನೋ ಒಂದು ಬದಲಾಗಿತ್ತು, ಏನೆಂದು ತಕ್ಷಣ ತಿಳಿಯಲಿಲ್ಲ. ಅಟ್ಟದಲ್ಲಿ ದಿನಾ ಸದ್ದು ಮಾಡುತ್ತಿದ್ದ ಇಲಿ ಒಂದು ದಿನ ಸುಮ್ಮನಾದರೆ ಆಗುವಂಥದ್ದು. ಆ ತಣ್ಣನೆಯ ‘ರಿ’ ಎಲ್ಲೂ ಇರಲಿಲ್ಲ. ಫೋಟೋದ ಜೊತೆ, ವಾಣಿಯ ಜೊತೆ, ಪಾಲಯ್ಯನ ಜೊತೆ ಅವನನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸುತ್ತಿದ್ದರು.

“ನಿಂತು ನಿಂತು ಏನ್ ನಗ್ತೀಯ? ಮೊದಲು ಆ ಬಾಗ್ಲು ತೆಗಿ!”

ಮೆಟ್ಟಿಲ ಮೇಲೆ ನಿಂತೇ ಫೋನು ತೆಗೆದು ಶಟರ್ ಕಿತ್ತುಹಾಕಿದ. ಊಟವಾದ ಮೇಲೆ ಕೂತು, ಸೂಜಿ ಕೊಳ್ಳುವ ಗುಂಡಿ ಸಂಜೆ ತಾನಾಗಿ ಸುಮ್ಮನಾಗುವಂತೆ ಮಾಡಿ, ಅದರ ಜಾಗದಲ್ಲಿ ಅತ್ತೆ ಹೇಳಿದ್ದನ್ನೇ ಬರೆದ: ‘ಬರ್ರಿ, ಕೂಡ್ರಿ, ಎಲ್ಲಾ ನೋಡ್ರಿ. ಈಗ ಹೊತ್ತು ಮುಳುಗೈತೆ, ಸೂಜಿ ಬೆಳಿಗ್ಗೆ ಕೊಡ್ತೀವಿ.’ ಸುತಳಿಗೆ ಮಾತ್ರ ಯಾವ ಅಡ್ಡಿಯೂ ಇಲ್ಲ ಎಂದು ಸರ್ವಮಂಗಳಮ್ಮ ಒಳಗಿನಿಂದಲೇ ಕೂಗಿ ತಿಳಿಸಿದರು.

ಸೋಮವಾರ ರುದ್ರಮುನಿ ಪಾಲಯ್ಯನನ್ನು ಕರೆದುಕೊಂಡೇ ಬಂದರು. ಬೆಳಿಗ್ಗೆ ಮಹಾಂತೇಶ್ ನೋಡಿದ್ದ, ಆರು ಪುಟ ತಿರುವಿದರೂ ಅಂಗಡಿ ಸಿಕ್ಕಿರಲಿಲ್ಲ. ಮಂಡಿನೋವಿನ ಡಾಕ್ಟರು ಇನ್ನೊಂದು ಮೆಟ್ಟಿಲು ಮೇಲೇರಿದ್ದರು. ಕಂಪ್ಯೂಟರಿನ ವಯರುಗಳನ್ನು ತಾನೇ ಬಿಚ್ಚಿ ಸುತ್ತತೊಡಗಿದ. ಪಾಲಯ್ಯ ಟೇಬಲ್ಲಿನ ಒಂದು ಕಡೆ ಹಿಡಿದ, ಇವನು ಇನ್ನೊಂದು ಕಡೆ. ಸಂದಿಯಿಂದ ಅಡ್ಡಡ್ಡ ತಿರುಗಿಸಿ ಈಚೆ ತಂದರು.

“ಎಲ್ಲಿಗೆ ಹಾಕ್ಲಿ ಅಮ್ಮಾ, ಗೋಡೌನಿಗಾ?” ಎಂದ ಪಾಲಯ್ಯ.

ಸರ್ವಮಂಗಳಮ್ಮ ಗಲ್ಲಾದಿಂದ ಏಳದೆ ತಮ್ಮ ಪಕ್ಕದ ನೆಲವನ್ನು ತೋರಿಸಿದರು. “ಇಲ್ಲಿ. ಬಾಗ್ಲ ಮುಂದೆ.”

“ಅಕ್ಕಾ, ಅಲ್ಲಿ ಗಿರಾಕಿ ನಿಲ್ಲೋ ಜಾಗ,” ಎಂದರು ರುದ್ರಮುನಿ.

“ನಿನಗೆ ಹಿಂದಿನ ಜಾಗ ಬೇಕಿತ್ತಲ್ಲ, ತಗಾ. ಇವನ್ನ ಹಿಂದೆ ಕತ್ತಲಾಗ ಕೂಡ್ಸಿದ್ದಕ್ಕೇ ಬಾಗ್ಲು ಯಾವುದು ಅಂತ ಗೊತ್ತಾಗಿಲ್ಲ. ಇನ್ಮೇಲೆ ಎದುರಿಗೇ ಇರ್ಲಿ.” ರುದ್ರಮುನಿ ಖಾಲಿಯಾದ ಸಂದಿಯನ್ನೂ ತುಂಬಿದ ಮುಂಭಾಗವನ್ನೂ ನೋಡಿ, ತಾನು ಗೆದ್ದೆನೋ ಸೋತೆನೋ ತಿಳಿಯದೆ ಮೀಸೆ ನೀವಿಕೊಂಡರು.

ವಯರು ಮತ್ತೆ ಚುಚ್ಚುವಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಮಲೇಬೆನ್ನೂರು ಕಡೆಯವನಂತೆ, ಹೆಗಲ ಮೇಲೆ ಟವೆಲ್ಲು. ಎರಡು ದಬ್ಬಳ, ಒಂದು ಉಂಡೆ ಸುತಳಿ ಕೇಳಿದ. ಟೇಬಲ್ ಬಳಸಿಕೊಂಡು ಬರಬೇಕಾದದ್ದಕ್ಕೆ ಸ್ವಲ್ಪ ಗೊಣಗಿ, ತಲೆ ಎತ್ತಿ ಬೋರ್ಡು ಓದಿ, ಟೇಬಲ್ಲಿನ ಕೆಳಗಿನಿಂದ ಧೂಳು ಮೆತ್ತಿಕೊಂಡು ಏಳುತ್ತಿದ್ದ ಮಹಾಂತೇಶನನ್ನು ನೋಡಿದ.

“ನೀವು ಸನ್ನಾ?”

ಮಹಾಂತೇಶ್ ಅಭ್ಯಾಸದಂತೆ ಬಾಯಿ ತೆರೆದ. ಅವನಿಗಿಂತ ಮೊದಲು ಗಲ್ಲಾದಿಂದ ದನಿ ಬಂತು.

“ಹೂಂನಪ್ಪ, ಇರೋನು ಇವನೊಬ್ಬನೇ,” ಎಂದರು ಸರ್ವಮಂಗಳಮ್ಮ, ಸುತಳಿಯ ಉಂಡೆ ತಕ್ಕಡಿಗೆ ಹಾಕುತ್ತ. “ಸಂಜೆ ಹೊತ್ತು ಬಾಗ್ಲು ಹಾಕ್ತಾನೆ, ಅದೊಂದು ಬಿಟ್ರೆ ಪರವಾಗಿಲ್ಲ.”